ಗುಡ್ಡದ ಮೇಲಿನ ಹದಿನೇಳು ಹಾಜರಿ

ಕೇಳುತ್ತಿದ್ದಾರೋ ಇಲ್ಲವೋ? ಕೇಳುತ್ತಿದ್ದರೆ ಒಂದು ಕೆಮ್ಮಾದರೂ ಬರಬೇಕಿತ್ತು. ಹದಿನೇಳು ಜನರಲ್ಲಿ ಒಬ್ಬರಿಗೂ ಸೀನು ಬರುವುದಿಲ್ಲ, ಒಬ್ಬರ ಮನೆಯಲ್ಲೂ ಕುಕ್ಕರ್ ಕೂಗುವುದಿಲ್ಲ, ಒಬ್ಬರ ಅವ್ವನೂ ಬಯ್ಯುವುದಿಲ್ಲ ಎಂದರೆ ಏನರ್ಥ? ಮೈಕು ಮುಚ್ಚಿಕೊಂಡಿದ್ದಾರೆ, ಸರಿ. ಮೈಕು ಮುಚ್ಚಿದವರು ಕಿವಿ ತೆರೆದಿದ್ದಾರೆಂದು ಹೇಗೆ ನಂಬುವುದು? ಅಥವಾ ತಪ್ಪು ತನ್ನದೇ ಇರಬಹುದೆ? ಮೂರು ವಾರದಿಂದ ತನ್ನ ಮೈಕೇ ಮುಚ್ಚಿದ್ದು, ತಾನು ಬಾಯಿ ಆಡಿಸುವುದನ್ನು ಅವರು ಗೌರವದಿಂದ ನೋಡುತ್ತ ಕುಳಿತಿದ್ದರೆ?

ಹುಲಿಗೇಶ ಫೋನಿನತ್ತ ಬಾಗಿ ಹನ್ನೊಂದನೆಯ ಸಲ ಕೇಳಿದ. "ಕೇಳಿಸ್ತಾ ಇದೆಯಾ?"

"ಓಣಿಗೆಲ್ಲಾ ಕೇಳಾಕತ್ತೈತಿ," ಎಂದು ಅಡುಗೆಮನೆಯಿಂದ ಅವನ ತಾಯಿ ಪೀರಮ್ಮ ಉತ್ತರ ಕೊಟ್ಟಳು. "ಸ್ವಲ್ಪ ಮೆತ್ತಗ ಹೇಳು. ಬಾಜೂ ಮನಿಯಾಕಿ, ನಿನ್ನ ಮಗ ದಿನಾ ಯಾರ ಜೋಡಿ ಜಗಳಾ ಮಾಡ್ತಾನಂತ ಕೇಳಾಕತ್ತಾಳ."

ಹುಲಿಗೇಶ ಲಿಂಗಸುಗೂರಿನ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಆರು ವರ್ಷದಿಂದ ಅತಿಥಿ. ಆರು ವರ್ಷ ಉಳಿದ ಅತಿಥಿಯನ್ನು ಬೇರೆ ಯಾವ ಮನೆಯಲ್ಲಾದರೂ ಬಾಗಿಲ ತನಕ ಬಿಟ್ಟು ಬರುತ್ತಿದ್ದರು. ಕಾಲೇಜಿನವರು ಪ್ರತಿ ವರ್ಷ ಒಂದು ಆದೇಶ ಕೊಟ್ಟು ಇನ್ನೊಂದು ವರ್ಷ ಇರಿಸಿಕೊಳ್ಳುತ್ತಿದ್ದರು. ಸಿಂಧನೂರಿನ ಮನೆಯಿಂದ ಬೆಳಗಿನ ಬಸ್ಸು ಹಿಡಿದು, ಮಸ್ಕಿಯಲ್ಲಿ ಒಂದು ಚಹಾ ಕುಡಿದು, ಲಿಂಗಸುಗೂರು ಮುಟ್ಟುವುದು ಅವನ ದಿನಚರಿ. ಕೊರೋನಾ ಬಂದ ಆ ವರ್ಷದ ಮಾರ್ಚಿನಲ್ಲಿ ಬಸ್ಸುಗಳು ನಿಂತವು, ಚಹಾ ನಿಂತಿತು, ಕಾಲೇಜಿಗೆ ಬೀಗ ಬಿತ್ತು. ಏಪ್ರಿಲ್ ಎರಡನೆಯ ವಾರದಲ್ಲಿ ಪ್ರಿನ್ಸಿಪಾಲರಾದ ಪಂಪಾವತಿ ಮೇಡಂ ಫೋನ್ ಮಾಡಿ, ನಾಳೆಯಿಂದ ಆನ್‌ಲೈನ್ ಪಾಠ ಎಂದರು. ಹೇಗೆ ಎಂದು ಹುಲಿಗೇಶ ಕೇಳಿದ. "ಅದನ್ನ ನನಗೂ ಯಾರೂ ಹೇಳಿಲ್ರಿ," ಎಂದು ಮೇಡಂ ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಆದ್ದರಿಂದ ಅವನೇ ಒಂದು ದಾರಿ ಕಂಡುಕೊಂಡಿದ್ದ. ಗೋಡೆಯ ಗೂಡಿನಲ್ಲಿ ಜೋಳ ಅಳೆಯುವ ಸೇರು. ಸೇರಿಗೂ ಉಪ್ಪಿನಕಾಯಿ ಭರಣಿಗೂ ನಡುವೆ ಫೋನು. ಎದುರಿಗೆ ಅವ್ವನ ಕಬ್ಬಿಣದ ಕಪಾಟು. ಅದರ ಹಸಿರು ಬಾಗಿಲಿನ ಮೇಲೆ ಸುಣ್ಣದ ಕಡ್ಡಿ ಚೆನ್ನಾಗಿ ಮೂಡುತ್ತಿತ್ತು. ಪೀರಮ್ಮನಿಗೆ ಪಾಠದ ನಡುವೆ ಸೀರೆ ಬೇಕಾದರೆ ಕಳಿಂಗ ಯುದ್ಧವನ್ನು ಅರ್ಧಕ್ಕೆ ತೆರೆದು ಮುಚ್ಚುತ್ತಿದ್ದಳು. ಕಪಾಟಿನ ಮೇಲ್ಗಡೆ ಬುದ್ಧನ ಫೋಟೋ. ಕಣ್ಣು ಮುಚ್ಚಿಯಾದರೂ ಅಲ್ಲಿ ಒಬ್ಬರು ಕೇಳುತ್ತಿದ್ದಾರೆ ಎಂದು ಹುಲಿಗೇಶನಿಗೆ ಸಮಾಧಾನ.

ಅವನಿಗೆ ಮೌನದ ಬಗ್ಗೆ ಮೊದಲಿನಿಂದಲೂ ಒಂದು ಬಗೆಯ ಪರಿಣತಿ ಇತ್ತು. ತರಗತಿಯಲ್ಲಿ ನಿಂತು ಒಂದು ಪ್ರಶ್ನೆ ಕೇಳಿದರೆ ಹಿಂದಿನಿಂದ ಬರುವ ಮೌನ ಓದದವರದೋ, ಹಸಿದವರದೋ, ಒಂದೂವರೆಯ ಬಸ್ಸಿನ ಚಿಂತೆಯವರದೋ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಫೋನಿನ ಮೌನಕ್ಕೆ ಮಾತ್ರ ಜಾತಿ, ಕುಲ, ಊರು ಯಾವುದೂ ಇರಲಿಲ್ಲ. ಕಪ್ಪು ಚೌಕಗಳು, ಚೌಕದೊಳಗೆ ಹೆಸರುಗಳು. ಮೇಘಾ. ಭೀಮೇಶ. ಹುಸೇನಪ್ಪ. ಗದ್ದೆಮ್ಮ. ಹೀಗೆ ಹದಿನೇಳು.

ಆದರೂ ಹದಿನೇಳು ಎಂದರೆ ಸಾಮಾನ್ಯವಲ್ಲ. ಕನ್ನಡಕ್ಕೆ ನಾಲ್ಕು ಜನ ಬರುತ್ತಿದ್ದರು. ಅರ್ಥಶಾಸ್ತ್ರಕ್ಕೆ ಇಬ್ಬರು, ಅವರಲ್ಲಿ ಒಬ್ಬ ಉಪನ್ಯಾಸಕರ ಸ್ವಂತ ಅಳಿಯ. ಇತಿಹಾಸಕ್ಕೆ ಮಾತ್ರ ದಿನಾ ಹದಿನೇಳು, ಎಲ್ಲರೂ ಗುರುಗುಂಟಾ ಸುತ್ತಲಿನ ದೊಡ್ಡಿಗಳೆಂಬ ಸಣ್ಣ ಹಳ್ಳಿಗಳವರು. ಹತ್ತು ಗಂಟೆಗೆ ಮೇಘಾ ಮೊದಲು ಬರುತ್ತಿದ್ದಳು, ಆಮೇಲೆ ಅರ್ಧ ನಿಮಿಷಕ್ಕೊಬ್ಬರಂತೆ ಉಳಿದವರು, ಸಾಲಾಗಿ, ನೂಕುನುಗ್ಗಲಿಲ್ಲದೆ. ಹನ್ನೊಂದೂವರೆಗೆ ಅದೇ ಶಿಸ್ತಿನಲ್ಲಿ ಹೊರಡುತ್ತಿದ್ದರು. ವಾಕ್ಯದ ನಡುವೆ ಇದ್ದರೂ ಸರಿ, ಹೊರಟರೆಂದರೆ ಹೊರಟರು. ಒಂದು ದಿನ ಪಾಠ ಹನ್ನೊಂದಕ್ಕೇ ಮುಗಿಯಿತು. "ಸರಿ, ನಾಳೆ ಸಿಗೋಣ," ಎಂದ ಹುಲಿಗೇಶ. ಯಾರೂ ಕದಲಲಿಲ್ಲ. ಮೇಷ್ಟ್ರೇ ಮೊದಲು ಎದ್ದು ಹೋಗುವುದು ಸರಿಯಲ್ಲವೆಂದು ಅವನೂ ಕುಳಿತ. ಅರ್ಧ ಗಂಟೆ ಹದಿನೇಳು ಕಪ್ಪು ಚೌಕಗಳೂ ಅವನೂ ಒಬ್ಬರನ್ನೊಬ್ಬರು ನೋಡಿಕೊಂಡು ಕುಳಿತರು. ಬೆವರು ಒರೆಸಿಕೊಳ್ಳಲೂ ಸಂಕೋಚವಾಯಿತು. ಹನ್ನೊಂದೂವರೆಗೆ ಅವರು ಹೋದರು.

ಮೇ ತಿಂಗಳ ಮೊದಲ ವಾರ ಮನೆಗೆಲಸದ ಬರಹಗಳು ವಾಟ್ಸಾಪಿನಲ್ಲಿ ಬಂದವು. ಅಶೋಕನ ಬಗ್ಗೆ ಎರಡು ಪುಟ. ಓದುತ್ತ ಹೋದಂತೆ ಹುಲಿಗೇಶನಿಗೆ ದಿಗಿಲಾಯಿತು. 'ಕಳಿಂಗ ಯುದ್ಧ ಮುಗಿದ ಮೇಲೆ ಅಶೋಕನು ರುಮಾಲು ಬಿಚ್ಚಿ ಕಲ್ಲಿನ ಮೇಲಿಟ್ಟು ಎರಡು ದಿನ ರೊಟ್ಟಿ ಮುಟ್ಟಲಿಲ್ಲ' ಎಂದು ಭೀಮೇಶ ಬರೆದಿದ್ದ. ಗದ್ದೆಮ್ಮನದರಲ್ಲೂ ರುಮಾಲು, ಕಲ್ಲು, ರೊಟ್ಟಿ. ಹುಸೇನಪ್ಪ ಇನ್ನೂ ಮುಂದೆ ಹೋಗಿ, 'ಮರಿ ಸತ್ತ ತಾಯಿಕುರಿ ಕೂಗುವುದನ್ನು ಕೇಳಿದವನು ಮತ್ತೆ ಕತ್ತಿ ಹಿಡಿಯಲಾರ ಎಂದು ಅಶೋಕನಿಗೆ ಅನ್ನಿಸಿತು' ಎಂದು ಬರೆದಿದ್ದ. ಹದಿನೇಳಕ್ಕೆ ಹದಿನೇಳರಲ್ಲೂ ಅದೇ ಕುರಿ. ಇದನ್ನೆಲ್ಲ ತಾನು ಹೇಳಿರಲಿಲ್ಲ. ಎಂದ ಮೇಲೆ ಯಾವುದೋ ಗೈಡಿನಿಂದ ಇಳಿಸಿದ್ದಾರೆ. ಯಾವ ಗೈಡು?

ಸಿಂಧನೂರಿನ ಪುಸ್ತಕದಂಗಡಿಯ ಹಾಜಿಸಾಬರಿಗೆ ಫೋನು ಹಚ್ಚಿದ. "ಅಶೋಕ ರುಮಾಲು ಬಿಚ್ಚಿಟ್ಟ ಅಂತ ಬರ್ದಿರೋ ಗೈಡು ಯಾವುದಾದ್ರೂ ಐತೇನ್ರಿ?"

"ಅಂಗಡಿನ ಮುಚ್ಚೈತಿ ಮಾಸ್ತರ," ಎಂದರು ಹಾಜಿಸಾಬ. "ನಾನೂ ಟೊಪ್ಪಿಗಿ ಬಿಚ್ಚಿಟ್ಟು ಮನ್ಯಾಗ ಕುಂತೀನಿ. ನನ್ನ ಮ್ಯಾಲೆ ಯಾರಾದ್ರೂ ಗೈಡು ಬರದ್ರ ಹೇಳ್ರಿ, ಎರಡು ಪ್ರತಿ ತರಸ್ತೀನಿ."

ಗುಟ್ಟು ಒಡೆದದ್ದು ಅದಾದ ಮೂರನೆಯ ದಿನ.

ಅಂದು ಮಸ್ಕಿಯ ಶಾಸನದ ಪಾಠ. ಹುಲಿಗೇಶನಿಗೆ ಇಷ್ಟದ ಪಾಠ ಅದು. ಬಸ್ಸಿನಲ್ಲಿ ಆರು ವರ್ಷ ಅದರ ಪಕ್ಕದಲ್ಲೇ ಹಾದುಹೋಗಿದ್ದಾನೆ. ಅಷ್ಟು ದೂರದ ಅರಸನೊಬ್ಬ ಈ ಬಿಸಿಲಿನ ಗುಡ್ಡಕ್ಕೆ ತನ್ನ ಮಾತನ್ನು ಕಳಿಸಿ, ಯಾರು ಓದಿದರೋ ಯಾರು ಬಿಟ್ಟರೋ ತಿಳಿಯದೆ ತೀರಿಹೋದ ಎಂಬುದು ಅವನಿಗೆ ಇತ್ತೀಚೆಗೆ ಬಹಳ ಹತ್ತಿರದ ಸಂಗತಿಯಾಗಿ ಕಾಣುತ್ತಿತ್ತು. "ಅಲ್ಲಿಯ ತನಕ ಸಿಕ್ಕಿದ್ದ ಬೇರೆ ಕಡೆಯ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯ ಎಂದಿತ್ತು. ಆ ದೇವಾನಾಂಪ್ರಿಯ ಯಾರೆಂದು ಬಹಳ ವರ್ಷ ಚರ್ಚೆ ನಡೆಯಿತು. ನಮ್ಮ ಮಸ್ಕಿಯ ಕಲ್ಲಿನಲ್ಲಿ..." ಎಂದು ಹೇಳಿ, ಸ್ವಾರಸ್ಯಕ್ಕಾಗಿ ಒಂದು ಕ್ಷಣ ತಡೆದ.

ಆ ತಡೆದ ಜಾಗದಲ್ಲಿ ಒಂದು ಕುರಿ ಕೂಗಿತು.

ಹುಲಿಗೇಶ ಕಿಟಕಿಯ ಹೊರಗೆ ನೋಡಿದ. ಓಣಿ ಖಾಲಿ. ಫೋನಿನಲ್ಲಿ ಮೇಘಾಳ ಚೌಕದ ಸುತ್ತ ಹಸಿರು ಗೆರೆ ಮಿನುಗುತ್ತಿತ್ತು. ಅದರೊಳಗಿಂದ ಗಾಳಿಯ ಸದ್ದು, ಕೊರಳಗಂಟೆಯ ಸದ್ದು, ಬಳಿಕ ಬೀಡಿ ಸೇದಿ ಒರಟಾದ ಒಂದು ಮುದಿ ದನಿ.

"ಮುಂದೇನಾತ್ರಿ ಸರ? ಕಲ್ಲಿನ್ಯಾಗ ಯಾರ ಹೆಸರಿತ್ತು?"

"ಮೇಘಾ?" ಎಂದ ಹುಲಿಗೇಶ.

"ಮೇಘಾ ಖಾತ್ರಿ ಕೆಲಸಕ್ಕ ಹೋಗ್ಯಾಳ್ರಿ. ಕೆರಿ ಹೂಳು ತೆಗಿಯಾಕ. ನಾ ಅಕಿ ಅಜ್ಜ, ಯಮನೂರಪ್ಪ. ಮರಿ ಬಂದು ಫೋನ್ ನೆಕ್ಕಿಬಿಟ್ಟೈತಿ, ಅದಕ್ಕ ನನ್ನ ಮಾತು ನಿಮಗ ಕೇಳಾಕತ್ತೈತಿ ಅನಸ್ತೈತಿ. ಇಷ್ಟು ದಿನಾನೂ ಕೇಳೇ ಕೇಳೀನ್ರಿ ನಿಮ್ಮನ್ನ, ಮುಂದೇನಾತ್ರಿ ಅಂತ. ನೀವ ಮಾತಾಡಲಿಲ್ಲ."

ಹುಲಿಗೇಶ ಸ್ಟೂಲಿನ ಮೇಲೆ ಕುಳಿತ. ತಾನು ಅವರ ಮೌನವನ್ನು ಅಳೆಯುತ್ತ ಕೂತಿದ್ದಾಗ ಆಚೆ ಕಡೆ ಒಬ್ಬರು ತನ್ನ ಮೌನಕ್ಕೆ ಬೇಸರ ಪಟ್ಟುಕೊಂಡಿದ್ದರು.

"ಅಜ್ಜಾ, ಉಳಿದವರೆಲ್ಲ ಎಲ್ಲಿದಾರ?"

"ಎಲ್ಲಾರೂ ಇಲ್ಲೇ ಅದಾರ್ರಿ."

"ಭೀಮೇಶ?"

"ಕಲ್ಲಿನ ಮ್ಯಾಲೆ ಮಲಗ್ಯಾನ."

"ಹುಸೇನಪ್ಪ?"

"ಬಿಸಲಿಗೆ ಭಾಳ ಕಾದಿದ್ನ್ರಿ. ಜಾಲಿ ನೆಳ್ಳಿಗೆ ಹಾಕೀನಿ."

"ಗದ್ದೆಮ್ಮ?"

"ಅಕಿ ಗಾಜು ಒಡದೈತ್ರಿ. ಮುಟ್ಟಿದ್ರ ಚುಚ್ಚತಾಳ. ಅದಕ್ಕ ಬಟ್ಟಿ ಸುತ್ತಿ ಇಟ್ಟೀನಿ."

ದೊಡ್ಡಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಇರುವುದು ಗುಡ್ಡದ ತಲೆಯ ಮೇಲೆ, ಅಜ್ಜ ಕುರಿ ಮೇಯಿಸುವ ಕಡೆ. ಮೊದಲ ನಾಲ್ಕು ದಿನ ಹುಡುಗರೇ ಗುಡ್ಡ ಹತ್ತಿದ್ದರು. ಆಮೇಲೆ ಉದ್ಯೋಗ ಖಾತ್ರಿ ಕೆಲಸ ಶುರುವಾಯಿತು. ಅಲ್ಲಿ ಹಾಜರಿಗೆ ಮೈ ಬೇಕು, ಇಲ್ಲಿ ಹಾಜರಿಗೆ ಫೋನು ಸಾಕು. ಮೈಗಳು ಕೆರೆಗೆ ಹೋದವು. ಫೋನುಗಳನ್ನು ಹಸಿಬಿ ಚೀಲದಲ್ಲಿ ತುಂಬಿ ಅಜ್ಜನ ಹೆಗಲಿಗೇರಿಸಿದರು. ಅಜ್ಜನಿಗೆ ಓದಲು ಬಾರದು. ಆದರೆ ಎಪ್ಪತ್ತು ಕುರಿಗಳನ್ನು ಮುಖ ನೋಡಿ ಗುರುತಿಸುವವನಿಗೆ ಹದಿನೇಳು ಫೋನು ದೊಡ್ಡದಲ್ಲ. ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿದ್ದ. ದಿನಾ ಹತ್ತಕ್ಕೆ ಕಂಬಳಿ ಹಾಸಿ, ಸಾಲಾಗಿ ಇಟ್ಟು, ಮೊಮ್ಮಗಳು ತೋರಿಸಿದ ನೀಲಿ ಗುಂಡಿಯನ್ನು ಒಂದಾದ ಮೇಲೊಂದು ಒತ್ತುವುದು. ಹನ್ನೊಂದೂವರೆಗೆ ಕುರಿ ನೀರಿಗೆ ಇಳಿಯುವ ಹೊತ್ತು, ಕೆಂಪು ಗುಂಡಿ ಒತ್ತಿ ಚೀಲಕ್ಕೆ ಹಾಕುವುದು.

"ಮೊದಲ ದಿನ ಎಲ್ಲಾ ಫೋನಿನ ದನೀನೂ ಬಿಟ್ಟಿದ್ದೆ," ಎಂದ ಅಜ್ಜ. "ಹದಿನೇಳು ಮಂದಿ ನೀವು ಒಂದಾ ಸಲ ಮಾತಾಡಾಕ ಹತ್ತಿದ್ರಿ. ಒಬ್ಬರು ಮುಂದ, ಒಬ್ಬರು ಹಿಂದ. ಕುರಿ ದಿಕ್ಕಾಪಾಲಾಗಿ ಓಡಿದವ್ರಿ. ಈಗ ಮೇಘಾಂದು ಒಂದ ಬಿಟ್ಟೀನಿ. ಅದಿರ್ಲಿ, ಕಲ್ಲಿನ್ಯಾಗ ಯಾರ ಹೆಸರಿತ್ತು? ಹೇಳಿಬಿಡ್ರಿ, ನೀರಿನ ಹೊತ್ತಾತು."

"ಅಶೋಕನ ಹೆಸರು," ಎಂದ ಹುಲಿಗೇಶ.

"ಹಂಗಂತೀರಿ," ಎಂದ ಅಜ್ಜ, ತನ್ನ ನಂಟರ ಪೈಕಿಯವರ ಸುದ್ದಿ ಕೇಳಿದವನಂತೆ. ನಂತರ ಕೆಂಪು ಗುಂಡಿ.

ಆ ಸಂಜೆ ಮೇಘಾ ಗುಡ್ಡ ಹತ್ತಿ ಫೋನ್ ಮಾಡಿ ಕ್ಷಮೆ ಕೇಳಿದಳು. ಅಜ್ಜನ ಬಾಯಿಂದ ಎಲ್ಲವೂ ಗೊತ್ತಾಗಿತ್ತು. ಹುಲಿಗೇಶ ಗಂಭೀರವಾಗಿರಲು ಪ್ರಯತ್ನಿಸಿದ. "ಪಾಠ ಯಾರೂ ಕೇಳಲಿಲ್ಲ ಅಂದ್ರೆ ಬರೆದಿದ್ದು ಹೇಗೆ?"

"ಅಜ್ಜ ಹೇಳ್ತಾನ್ರಿ ಸರ. ಸಂಜಿಕ ಎಲ್ಲಾರೂ ಕುರಿಹಟ್ಟಿಗೆ ಫೋನ್ ಇಸಗೊಳ್ಳಾಕ ಬರ್ತೀವಿ. ಅವತ್ತಿನ ಪಾಠ ಕೂತು ಕೇಳೋತನ ಯಾರ ಫೋನೂ ಕೊಡಂಗಿಲ್ರಿ ಅವ. ನಡುವ ಎದ್ದವನ ಫೋನು ಮರುದಿನಾನ ಕೊಡೋದು. ಭೀಮೇಶಂದು ಒಂದು ಸಲ ಎರಡು ದಿನ ಇಟಗೊಂಡಿದ್ದ."

"ರುಮಾಲು?"

"ಅದು ಅಜ್ಜಂದ್ರಿ. ಅಷ್ಟು ಮಂದಿ ಸತ್ತಮ್ಯಾಲೆ ಯಾರರ ರುಮಾಲು ಸುತಗೊಂಡು ಕುಂದರತಾರೇನು ಅಂತಾನ."

ಇದನ್ನು ಪಂಪಾವತಿ ಮೇಡಂಗೆ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಹತ್ತಕ್ಕೆ ಮೇಘಾಳ ಮೈಕು ತೆರೆದೇ ಇತ್ತು. ಅದು ಹೇಗೆ ತೆರೆಯುವುದೆಂದು ಅಜ್ಜ ಕಲಿತುಬಿಟ್ಟಿದ್ದ. ಹುಲಿಗೇಶ ಶಾತವಾಹನರನ್ನು ಎತ್ತಿಕೊಂಡ. ಎಲ್ಲಿ ತಡೆದರೂ "ಮುಂದೇನಾತ್ರಿ?" ಬರುತ್ತಿತ್ತು. ಎಲ್ಲಿ ತಡೆದರೆ ಬರುತ್ತದೆಂದು ನೋಡಿ ಅವನೂ ಬೇಕೆಂದೇ ತಡೆಯತೊಡಗಿದ. ಅಜ್ಜನಿಗೆ ಅನುಮಾನಗಳೂ ಇದ್ದವು. ಅಷ್ಟು ದೊಡ್ಡ ಸೈನ್ಯ ಹೊರಟರೆ ಆನೆಗೆ ದಾರಿಯಲ್ಲಿ ನೀರು ಎಲ್ಲಿಯದು? ಅರಸನಿಗೆ ಒಬ್ಬಳೇ ಹೆಂಡತಿಯೋ? ಹೆಂಡತಿ ಏನೂ ಅನ್ನಲಿಲ್ಲವೆ? ಹುಲಿಗೇಶ ರಾತ್ರಿ ಊಟ ಮಾಡುತ್ತ ಆನೆಯ ನೀರಿನ ಲೆಕ್ಕ ಹಾಕುತ್ತಿದ್ದ. ಪೀರಮ್ಮನೂ ರೊಟ್ಟಿ ಬಡಿಯುವುದನ್ನು ಹನ್ನೊಂದೂವರೆಯ ನಂತರಕ್ಕೆ ಹಾಕಿದಳು. ಬಡಿದರೆ ಅಜ್ಜನ ಮಾತು ಕೇಳಿಸುವುದಿಲ್ಲ ಎಂಬುದು ಅವಳ ದೂರು.

ಮೇಡಂಗೆ ಹೇಳುವ ನಾಳೆ ಹೀಗೆ ಮುಂದೆ ಹೋಗುತ್ತಿರುವಾಗ ಮೇಡಂ ಅವರದೇ ಫೋನ್ ಬಂತು.

"ಗುರುವಾರ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ನಮ್ಮ ಆನ್‌ಲೈನ್ ತರಗತಿ ನೋಡಾಕ ಬರ್ತಾರ. ಹದಿನೈದಕ್ಕಿಂತ ಕಡಿಮಿ ಹುಡುಗರಿದ್ದ ವಿಷಯಕ್ಕ ಮುಂದಿನ ವರ್ಷ ಅತಿಥಿ ಉಪನ್ಯಾಸಕರು ಇರಂಗಿಲ್ಲ. ರೆಕಾರ್ಡ್ ಮಾಡಿದ ಪಾಠ ಹಚ್ಚಿ ಮುಗಸ್ತಾರಂತ. ನಿಮಗೇನು ಬಿಡ್ರಿ, ಹದಿನೇಳು ಅದಾರ. ಕಾಲೇಜಿನ ಮಾನ ನಿಮ್ಮ ಕೈಯಾಗೈತಿ. ಹಾಂ, ಹುಡುಗರಿಗೆ ಒಂದೆರಡು ಪ್ರಶ್ನಿ ಕೇಳ್ತಾರ. ಅಷ್ಟ."

ಹುಲಿಗೇಶ ಕಪಾಟಿನ ಹಸಿರು ಬಾಗಿಲಿಗೆ ಒರಗಿ ನಿಂತ. ಬೆನ್ನಿಗೆ ಅಂಟಿದ ಸುಣ್ಣದಲ್ಲಿ ಅರ್ಧ ಮೌರ್ಯ ಸಾಮ್ರಾಜ್ಯ ಅಳಿಸಿಹೋಯಿತು. ತನ್ನ ಕೆಲಸ ಹೋಗುವುದು ಒಂದು ಮಾತು. ತನ್ನ ಜಾಗಕ್ಕೆ ಬರುವ ರೆಕಾರ್ಡು ಯಾರು ಮುಂದೇನಾಯಿತು ಎಂದರೂ ತಡೆಯದೆ ಸಾಗುತ್ತದಲ್ಲ, ಅದು ಅವನಿಗೆ ಇನ್ನೂ ಹೆಚ್ಚು ಚುಚ್ಚಿತು.

ಮೇಘಾಳಿಗೆ ಹೇಳಿಕಳಿಸಿದ. ಗುರುವಾರ ಒಂದು ದಿನ ಎಲ್ಲರೂ ಗುಡ್ಡ ಹತ್ತಲೇಬೇಕು. ಎಲ್ಲರೂ ಒಪ್ಪಿದರು. ಬುಧವಾರ ಸಂಜೆ ಕೆರೆಯ ಹತ್ತಿರ ಸುದ್ದಿ ಬಂತು: ಗುರುವಾರ ಬೆಳಿಗ್ಗೆ ಇಂಜಿನಿಯರು ಅಳತೆಗೆ ಬರುತ್ತಾರೆ, ಒಬ್ಬರು ತಪ್ಪಿದರೂ ಇಡೀ ಗುಂಪಿನ ವಾರದ ಕೆಲಸ ಹಾಳು. ಇಬ್ಬರು ಸಾಹೇಬರು ಒಂದೇ ದಿನ ಒಂದೇ ಹುಡುಗರನ್ನು ಎಣಿಸಲು ಹೊರಟಿದ್ದರು, ಮತ್ತು ಕೆರೆಯ ಸಾಹೇಬರಿಗೆ ಮೈಗಳೇ ಬೇಕಾಗಿದ್ದವು.

ಗುರುವಾರ ಒಂಬತ್ತೂಮುಕ್ಕಾಲಿಗೆ ಗುಡ್ಡದ ಮೇಲೆ ಅಜ್ಜ, ಎಪ್ಪತ್ತು ಕುರಿ, ಹದಿನೇಳು ಫೋನು.

"ಅಜ್ಜಾ, ಇವತ್ತೊಂದು ದಿನ ಮಾತಾಡಬ್ಯಾಡ್ರಿ," ಎಂದ ಹುಲಿಗೇಶ. "ಏನ ಆಗ್ಲಿ. ಯಾರ ಏನ ಕೇಳ್ಲಿ."

"ತುಟಿ ಹೊಲಕೊಂಡೀನಿ ಅಂತ ತಿಳೀರಿ."

ಹತ್ತಕ್ಕೆ ಮೇಡಂ ಬಂದರು. ಐದು ನಿಮಿಷಕ್ಕೆ ಅಧಿಕಾರಿ ಬಂದರು. ದಪ್ಪ ಕನ್ನಡಕ, ಕೋಟು, ಹಿಂದೆ ಕಡತಗಳ ಗೋಡೆ. ಹದಿನೇಳು ಎಂದು ಎಣಿಸಿ ತಲೆಯಾಡಿಸಿದರು. ಹುಲಿಗೇಶ ಮಸ್ಕಿ ಶಾಸನವನ್ನೇ ಮತ್ತೆ ಹೇಳಿದ. ಸಹಜವಾಗಿ ತಡೆಯುವ ಜಾಗದಲ್ಲೆಲ್ಲ ತಡೆದ. ಒಂದು ಸದ್ದೂ ಇಲ್ಲ. ಅಜ್ಜ ಕೊಟ್ಟ ಮಾತಿಗೆ ಗಟ್ಟಿಯಿದ್ದ. ಕುರಿಗಳೂ ಹಾಗೆಯೇ.

"ಭೀಮೇಶ ಎಂಬ ವಿದ್ಯಾರ್ಥಿ ಹೇಳಲಿ," ಎಂದರು ಅಧಿಕಾರಿ. "ಮಸ್ಕಿಯ ಶಾಸನದಲ್ಲಿ ಅಶೋಕ ಏನು ಹೇಳಿದ್ದಾನೆ?"

ಭೀಮೇಶ ಕಲ್ಲಿನ ಮೇಲೆ ಮಲಗಿದ್ದ.

"ಗದ್ದೆಮ್ಮ?"

ಗದ್ದೆಮ್ಮ ಬಟ್ಟೆಯೊಳಗಿದ್ದಳು.

ಅಧಿಕಾರಿ ಇನ್ನೂ ಇಬ್ಬರನ್ನು ಕರೆದರು. ಬಳಿಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಇಲ್ಲಿ ವಿದ್ಯಾರ್ಥಿಗಳು ಕಾಣುತ್ತಿಲ್ಲ. ಹೆಸರುಗಳಷ್ಟೇ ಇವೆ. ಇದನ್ನು ತರಗತಿ ಎಂದು ಬರೆಯಲು ನನಗೆ ಆಗುವುದಿಲ್ಲ." ಪಂಪಾವತಿ ಮೇಡಂ ಮುಖ ಕೆಂಪಾಯಿತು. ಹುಲಿಗೇಶ ನಿಜ ಹೇಳಲು ಬಾಯಿ ತೆರೆದ.

ಮೇಘಾಳ ಚೌಕದ ಸುತ್ತ ಹಸಿರು ಗೆರೆ ಮೂಡಿತು.

"ಇದ್ದೇನೆ ಪ್ರಭೂ," ಎಂದಿತು ಒಂದು ದನಿ.

ಅಷ್ಟು ಸಣ್ಣ, ಅಷ್ಟು ಎಳೆದ, ಅಷ್ಟು ಲಾಲಿತ್ಯದ ದನಿಯನ್ನು ಹುಲಿಗೇಶ ಕೇಳಿರಲಿಲ್ಲ. ಯಮನೂರಪ್ಪ ಹರೆಯದಲ್ಲಿ ಬಯಲಾಟಗಳಲ್ಲಿ ರಾಣಿಯ ಪಾತ್ರ ಕಟ್ಟುತ್ತಿದ್ದ ಎಂಬುದು ಆಮೇಲೆ ಗೊತ್ತಾದ ಸಂಗತಿ. ಹೆಣ್ಣಿನ ದನಿ ಎಂದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ.

ಅಧಿಕಾರಿ ಕನ್ನಡಕ ಮತ್ತೆ ಹಾಕಿಕೊಂಡರು. "ಯಾರು, ಮೇಘಾ ಅವರೇ?"

"ಅಹುದು ಪ್ರಭೂ. ಮಸ್ಕಿಯ ಕಲ್ಲಿನಲ್ಲಿ ಅಶೋಕ ಮಹಾರಾಜರು ತಮ್ಮ ನಾಮಧೇಯವನ್ನು ಬರೆಸಿರುವರು. ಮೊದಮೊದಲು ನಾನು ಅಷ್ಟು ಶ್ರದ್ಧೆ ಮಾಡಲಿಲ್ಲ, ಈಗ ಮಾಡುತ್ತಿರುವೆನು ಎಂದು ತಪ್ಪೊಪ್ಪಿಕೊಂಡಿರುವರು. ಮತ್ತು... ಮತ್ತು..." ದನಿ ಏರಿದ ಎತ್ತರದಲ್ಲಿ ನಿಲ್ಲಲಾರದೆ ತೂರಾಡಿತು. "ದೊಡ್ಡೋರಿಗಷ್ಟ ಅಲ್ಲ, ಮನಸ್ಸಿಟ್ಟು ದುಡದ್ರ ಸಣ್ಣೋರಿಗೂ ಸಿಗ್ತೈತಿ ಅಂತ ಬರಸ್ಯಾನ್ರಿ."

ಅಷ್ಟರಲ್ಲಿ ರಾಣಿ ಮುಗಿದು ಬೀಡಿ ಶುರುವಾಯಿತು. ಗುಡ್ಡವೇ ಅಲುಗುವಂಥ ಕೆಮ್ಮು. ಬಿಟ್ಟು ಬಿಟ್ಟು, ಒತ್ತಿ ಒತ್ತಿ, ಮುಗಿಯಿತೆನ್ನುವಾಗ ಮತ್ತೆ.

ಅಧಿಕಾರಿ ಕುರ್ಚಿಸಮೇತ ಹಿಂದೆ ಸರಿದರು. ಜೇಬಿನಿಂದ ಮಾಸ್ಕ್ ತೆಗೆದು ಕಿವಿಗೆ ಹಾಕಿಕೊಂಡರು. ಅದನ್ನು ನೋಡಿ ಲಿಂಗಸುಗೂರಿನ ತಮ್ಮ ಮನೆಯಲ್ಲಿ ಒಬ್ಬರೇ ಕುಳಿತಿದ್ದ ಪಂಪಾವತಿ ಮೇಡಂ ಸೆರಗನ್ನು ಮೂಗಿಗೆ ಹಿಡಿದರು. ಹುಲಿಗೇಶನ ಕೈಯೂ ತಾನಾಗಿ ಬಾಯಿಗೆ ಹೋಯಿತು. ಅವನಿಗೆ ಬೇರೆ ಕಾರಣವಿತ್ತು.

"ಎಷ್ಟು ದಿನದಿಂದ ಈ ಕೆಮ್ಮು?" ಎಂದರು ಅಧಿಕಾರಿ, ಮಾಸ್ಕಿನೊಳಗಿಂದ.

"ಇಪ್ಪತ್ತು ವರ್ಷ ಆತ್ರಿ."

ಅಧಿಕಾರಿ ಮುಂದಿದ್ದ ಪಟ್ಟಿ ನೋಡಿದರು. ಮೇಘಾಳ ವಯಸ್ಸು ಹತ್ತೊಂಬತ್ತು ಎಂದಿತ್ತು. "ಹುಟ್ಟುವ ಮೊದಲಿನಿಂದಲೇ," ಎಂದು ಮರುಕದಿಂದ ತಲೆಯಾಡಿಸಿದರು. "ಗಂಟಲು ಪೂರ್ತಿ ಹೋಗಿದೆ. ಇಂಥ ಸ್ಥಿತಿಯಲ್ಲೂ ಪಾಠ ಕೇಳುತ್ತಿದ್ದಾಳಲ್ಲ ಮೇಡಂ ಈ ಹುಡುಗಿ. ಉಳಿದವರೂ ಭಯಕ್ಕೆ ಮಾತಾಡುತ್ತಿಲ್ಲ ಅನ್ನಿಸುತ್ತದೆ. ಇಂದೇ ಇವಳಿಗೆ ಪರೀಕ್ಷೆ ಮಾಡಿಸಿ. ನಾನು ಇಲ್ಲಿಗೆ ಮುಗಿಸುತ್ತೇನೆ." ಹೋಗುವ ಮೊದಲು ಫೋನಿನ ಗಾಜನ್ನು ಸ್ಯಾನಿಟೈಸರ್ ಹಾಕಿ ಒರೆಸಿದ್ದು ಎಲ್ಲರಿಗೂ ಕಾಣಿಸಿತು.

ಇತಿಹಾಸದ ತರಗತಿ ತೃಪ್ತಿಕರ, ಅತಿಥಿ ಉಪನ್ಯಾಸಕರನ್ನು ಮುಂದುವರಿಸಬಹುದು ಎಂದು ವಾರದಲ್ಲಿ ವರದಿ ಬಂತು. ಅದಕ್ಕಿಂತ ಮೊದಲೇ, ಅಂದೇ ಮಧ್ಯಾಹ್ನ, ಆಶಾ ಕಾರ್ಯಕರ್ತೆ ನಾಗವೇಣಿ ದೊಡ್ಡಿಗೆ ಬಂದಿದ್ದಳು. ಕೆರೆಯಲ್ಲಿ ಬುಟ್ಟಿ ಹೊತ್ತಿದ್ದ ಮೇಘಾಳನ್ನು ಕರೆದು, "ಕೆಮ್ಮು," ಎಂದಳು.

"ನನಗ್ಯಾವ ಕೆಮ್ಮಕ್ಕಾ?"

"ಮ್ಯಾಲಿನ ಸಾಹೇಬ್ರು ಕಿವಿಯಾರೆ ಕೇಳ್ಯಾರಂತ. ನಿನಗಿಂತ ಅವ್ರಿಗೆ ಚಲೋ ಗೊತ್ತಿರತೈತಿ. ಬಾಯಿ ತೆಗಿ."

ಫಲಿತಾಂಶದಲ್ಲಿ ಏನೂ ಇರಲಿಲ್ಲ. ಆದರೆ ಮುಂಗೈ ಮೇಲೆ ಮುದ್ರೆ ಬಿದ್ದಾಗಿತ್ತು, ಹದಿನಾಲ್ಕು ದಿನ ಬೇರೆ ಇರಲೇಬೇಕು. ಎಲ್ಲಿ ಇಡುವುದು? ದೊಡ್ಡಿಯ ಹಿರಿಯರು ಕೂತು ಯೋಚಿಸಿದರು. ಮನೆಗಳಿಂದ ದೂರ, ಗಾಳಿ ಚೆನ್ನಾಗಿರುವ ಜಾಗವೆಂದರೆ ಗುಡ್ಡದ ಮೇಲಿನ ಬೇಸಿಗೆ ಹಟ್ಟಿ. ಹೀಗೆ ಇಡೀ ತರಗತಿಯಲ್ಲಿ ಆರೋಗ್ಯವಾಗಿದ್ದವಳನ್ನೇ ಆರಿಸಿ ಸಿಗ್ನಲ್ ಇರುವ ಒಂದೇ ಜಾಗಕ್ಕೆ ಸರ್ಕಾರವೇ ಕಳಿಸಿಕೊಟ್ಟಿತು. ಮೇಘಾ ಪುಸ್ತಕ ಹಿಡಿದು ಹತ್ತಿದಳು. ಆ ಮೊದಲ ನಾಲ್ಕು ದಿನಗಳ ನಂತರ ಹುಲಿಗೇಶನಿಗೆ ಮತ್ತೆ ನಿಜವಾದ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು.

ಅವಳು ಚೆನ್ನಾಗಿಯೇ ಕೇಳಿದಳು. ಕ್ಯಾಮೆರಾ ಹಾಕುತ್ತಿದ್ದಳು, ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. "ಅರ್ಥ ಆಯ್ತಾ?" ಎಂದರೆ "ಹೌದು ಸರ್" ಎನ್ನುತ್ತಿದ್ದಳು. ಅಷ್ಟೇ. ಅಜ್ಜ ದೂರದ ಜಾಲಿ ಮರದ ಕೆಳಗೆ ಕುರಿಗಳ ಜೊತೆ ಕುಳಿತ ಚುಕ್ಕೆಯಾಗಿ ಅವಳ ಹೆಗಲ ಹಿಂದೆ ಕಾಣುತ್ತಿದ್ದ. ಅಜ್ಜ ಯಾಕೆ ಬರುವುದಿಲ್ಲ ಎಂದು ಹುಲಿಗೇಶ ಒಮ್ಮೆ ಕೇಳಿದ.

"ನಾ ಕರದ್ನ್ರಿ ಸರ. ಓದೋರು ಬಂದಮ್ಯಾಲೆ ನನ್ನದೇನೈತಿ ಅಲ್ಲಿ ಅಂದ."

ಹುಲಿಗೇಶ ತಡೆಯುವ ಜಾಗಗಳಲ್ಲಿ ತಡೆಯುತ್ತಲೇ ಇದ್ದ. ಆ ಜಾಗಗಳು ಖಾಲಿ ಬಿದ್ದಿರುತ್ತಿದ್ದವು. ಪೀರಮ್ಮ ರೊಟ್ಟಿ ಬಡಿಯುವುದನ್ನು ಮತ್ತೆ ಹತ್ತು ಗಂಟೆಗೆ ತಂದಳು.

ಹದಿನಾಲ್ಕು ದಿನ ಮುಗಿಯುವ ಹೊತ್ತಿಗೆ ಸೆಮಿಸ್ಟರ್ ಮುಗಿದಿತ್ತು. ನವೆಂಬರಿನಲ್ಲಿ ಕಾಲೇಜು ತೆರೆಯಿತು. ಬಸ್ಸು ಮಸ್ಕಿಯಲ್ಲಿ ನಿಂತಾಗ ಹುಲಿಗೇಶ ಇಳಿದು ಎಂಟು ತಿಂಗಳ ಹಿಂದಿನ ಅಂಗಡಿಯಲ್ಲೇ ಚಹಾ ಹೇಳಿದ. ಪಂಪಾವತಿ ಮೇಡಂ ಫೋನ್ ಬಂತು. ವೇಳಾಪಟ್ಟಿಯ ವಿಷಯ, ಮಾತು ತುಂಡು ತುಂಡು. "ಮೇಡಂ, ಕೇಳಿಸ್ತಾ ಇದೆಯಾ? ಕೇಳಿಸ್ತಾ ಇದೆಯಾ?"

"ಕೇಳಾಕತ್ತೈತ್ರಿ ಸರ," ಎಂದಿತು ಬೆನ್ನ ಹಿಂದಿನ ಬೆಂಚು.

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದನದ ದವಾಖಾನೆಯ ಔಷಧದ ಬಾಟಲಿ. ಹುಲಿಗೇಶ ಫೋನು ಕಿವಿಯಿಂದ ಇಳಿಸಿದ. ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಹದಿನೇಳು ಮಂದಿ ಸರನ್ನ ಸಾಲಾಗಿ ನೋಡಿ ರೂಢಿ ಆಗೈತ್ರಿ," ಎಂದ ಯಮನೂರಪ್ಪ. "ಒಬ್ಬರ ಅಂದ್ರ ಯಾಕೋ ಕಡಿಮಿ ಕಾಣಸ್ತೀರಿ."

ಬಸ್ಸು ಹಾರ್ನ್ ಹಾಕಿತು. ಹುಲಿಗೇಶ ಅದನ್ನು ಹೋಗಲು ಬಿಟ್ಟ. ಇಬ್ಬರೂ ಗುಡ್ಡದ ಕಡೆ ನಡೆದರು. ಕಂಬಿಯ ಆಚೆ ಶಾಸನದ ಬಂಡೆ. ಅಜ್ಜ ಕಂಬಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದ.

"ಇಷ್ಟನೇನ್ರಿ?"

"ಇಷ್ಟೇ ಅಜ್ಜಾ."

"ಹೆಸರು ಎಲ್ಲೈತಿ?"

ಹುಲಿಗೇಶ ಬೆರಳು ತೋರಿಸಿದ. ಅಜ್ಜ ತನ್ನ ರುಮಾಲು ಬಿಚ್ಚಿ ಪಕ್ಕದ ಕಲ್ಲಿನ ಮೇಲಿಟ್ಟು, ಕುಳಿತ. "ಈಗ ಹೇಳ್ರಿ," ಎಂದ. "ಆ ನಮ್ಮ ಹುಡುಗಿ ಬಂದಾಗ ಶಾತವಾಹನರು ಅರ್ಧಕ್ಕ ನಿಂತಿದ್ರು. ಮುಂದೇನಾತು?"

ಹುಲಿಗೇಶ ಹೇಳಿದ. ಹನ್ನೊಂದೂವರೆಯ ತನಕ ಹೇಳಿದ. ಆಮೇಲೆ ಅಜ್ಜ ಔಷಧದ ಬಾಟಲಿ ಎತ್ತಿಕೊಂಡು, ಕುರಿ ಕಾಯುತ್ತಿರುತ್ತವೆ ಎಂದು ಎದ್ದ. ಅವನನ್ನು ಗುರುಗುಂಟಾ ಕಡೆಯ ಟಂಟಂ ಗಾಡಿ ಹತ್ತಿಸಿ, ಹುಲಿಗೇಶ ಮುಂದಿನ ಬಸ್ಸಿಗೆ ನಿಂತ.

ಆರು ವರ್ಷ ಪಾಠ ಮಾಡಿದ ತನ್ನನ್ನು ಮುಂದೇನಾಯಿತು ಎಂದು ಕೇಳಿದವನು ಅವನೊಬ್ಬನೇ ಎಂಬುದನ್ನು ಹುಲಿಗೇಶ ಯಮನೂರಪ್ಪನಿಗೆ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.